ಫ್ಯಾನಿನ ಕೆಳಗಿದ್ದ ಜಪಾನು

ಬೆಳಿಗ್ಗೆ ಆರು ಗಂಟೆ. ಜಯನಗರದ ಮನೆಯೊಂದರ ಕಾರ್ ಶೆಡ್ಡಿನಲ್ಲಿ ಕೂತು ಗೋವಿಂದಮ್ಮ ಜಪಾನೀ ಭಾಷೆ ಟೈಪು ಮಾಡುತ್ತಿದ್ದಾರೆ. ಆ ಭಾಷೆ ಅವರಿಗೆ ಒಂದಕ್ಷರವೂ ಬಾರದು. ಎಂಟರ ಮೇಲೆ ಕರೆಂಟನ್ನು ನಂಬುವ ಹಾಗಿಲ್ಲವೆಂದು ತ್ಯಾಗರಾಜನಗರದಿಂದ ನಡೆದೇ ಬಂದಿದ್ದಾರೆ. ಕಣ್ಣು ಎಡಗಡೆಯ ಹಾಳೆಯ ಮೇಲೆ, ಬಲಗೈ ಅಂಕಿಗಳ ಮೇಲೆ. ನೋಡಲು ಹೋದ ನನಗೆ ಹಾಳೆಯ ಅಕ್ಷರಗಳನ್ನು ಪರಿಚಯಿಸುತ್ತಾರೆ.

"ಇದು ಕಿಟಕಿ, ಮೂವತ್ತೇಳು ಮೂವತ್ತಾರು. ಇದು ನಾಮ, ಇಪ್ಪತ್ತೇಳು ಹತ್ತೊಂಬತ್ತು. ನಾಮ ಅಂದ್ರೆ ನಾಮಾನೇ ಸಾರ್, ಅಯ್ಯಂಗಾರ್ರು ಹಣೆಗೆ ಇಟ್ಕೊಳ್ಳಲ್ವೆ, ಹಂಗೆ."

ಅವರ ಕಿಟಕಿ ಜಪಾನಿನಲ್ಲಿ ಗದ್ದೆ, ಅವರ ನಾಮ ಅಲ್ಲಿ ಬೆಟ್ಟ. ಯಾರೂ ಹೇಳಿಲ್ಲ, ಅವರು ಕೇಳಿಯೂ ಇಲ್ಲ.

ಜಪಾನೀ ಅಕ್ಷರಗಳು ಆರು ಸಾವಿರಕ್ಕೂ ಮಿಕ್ಕಿವೆ. ಅಷ್ಟು ಕೀಲಿ ಇರುವ ಯಂತ್ರ ಇಟ್ಟರೆ ಶೆಡ್ಡಿನಲ್ಲಿ ಮನುಷ್ಯರು ಕೂರಲು ಜಾಗವಿರುವುದಿಲ್ಲ. ಅದಕ್ಕೇ ಅಲ್ಲಿಯವರು ಪ್ರತಿ ಅಕ್ಷರಕ್ಕೂ ನಾಲ್ಕು ಅಂಕಿಯ ನಂಬರು ಕೊಟ್ಟು ಪುಸ್ತಕ ಮಾಡಿದ್ದಾರೆ. ಇಲ್ಲಿ ನಂಬರು ಒತ್ತಿ ಫ್ಲಾಪಿಯಲ್ಲಿ ಕಳಿಸಿದರೆ ಅಲ್ಲಿನ ಯಂತ್ರ ಅದನ್ನು ಅಕ್ಷರವಾಗಿ ಅಚ್ಚು ಹಾಕುತ್ತದೆ. ದಿನಕ್ಕೆ ಎರಡು ಸಾವಿರದ ನಾನೂರು ಅಕ್ಷರ ಗೋವಿಂದಮ್ಮನ ಲೆಕ್ಕ. ಉಳಿದವರು ಪುಸ್ತಕ ತಿರುವುತ್ತಾರೆ. ಇವರಿಗೆ ಮುಕ್ಕಾಲು ಪಾಲು ಬಾಯಿಪಾಠ.

ಈ ಕಣ್ಣು ಬಂದದ್ದು ಗುಂಡಿಗಳಿಂದ. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಗುಂಡಿ, ದಾರ ಮಾರುವ ಅಂಗಡಿಯಲ್ಲಿದ್ದರು. ಉದುರಿದ ಒಂದು ಗುಂಡಿ ತೋರಿಸಿದರೆ ಮುನ್ನೂರು ಡಬ್ಬಿಯಲ್ಲಿ ಅದರ ಜೋಡಿ ಹುಡುಕಿ ಕೊಡುತ್ತಿದ್ದರು. ಅಂಗಡಿ ಮುಚ್ಚಿದಾಗ ಶೆಡ್ಡಿನ ಮಾಲೀಕ ಬೈರಣ್ಣ ಕರೆದು ಕೂರಿಸಿದರು. ಅವರ ಸಫಾರಿ ಸೂಟಿನ ಗುಂಡಿ ಒಮ್ಮೆ ಕಳೆದಿತ್ತಂತೆ.

ಹೋದ ತಿಂಗಳು ಆ ಬೈರಣ್ಣನೇ ಕಾಗದ ಹಿಡಿದು ಒಳಗೆ ಬಂದರು. ಜಪಾನಿನ ಜಾಡಿ ಅಂಗಡಿಯೊಂದರ ಕ್ಯಾಟಲಾಗು ತಪ್ಪಾಗಿದೆ. ಅಂಗಡಿಯ ಹೆಸರಿನಲ್ಲೇ ಬರುವ 'ಜಾಡಿ' ಎಂಬ ಅಕ್ಷರ ನಾನೂರ ಹನ್ನೆರಡು ಕಡೆ ಬೇರೆ ರೂಪದಲ್ಲಿ ಬಿದ್ದಿದೆ.

"ಗೋವಿಂದಮ್ಮನೋರೆ, ಬಾಯಿಪಾಠ ಅಂತ ಮೆರೆದಿದ್ದು ಸಾಕು. ನಾಳೆಯಿಂದ ಕವರ್ ಅಂಟಿಸಿ."

"ಅಂಟು ನಾನು ಕಲಸಿಕೊಡ್ತೀನಿ ಅಕ್ಕ," ಎಂದರು ಪಕ್ಕದ ಮೇಜಿನ ಪಾರ್ವತಮ್ಮ.

ಗೋವಿಂದಮ್ಮ ಪುಸ್ತಕ ತೆರೆದರು. ಮೂವತ್ತಾರು ಐವತ್ತೊಂಬತ್ತು: ತಾವು ಒತ್ತಿದ್ದ ನಂಬರೇ, ಹಾಳೆಯಲ್ಲಿದ್ದ ಜಾಡಿಯೇ.

"ನನ್ನ ಕೈ ಸರಿ ಇದೆ, ಪುಸ್ತಕಾನೂ ಸರಿ ಇದೆ. ಅವರ ಹತ್ರ ಬೇರೆ ಪುಸ್ತಕ ಇರ್ಬೇಕು."

"ಇದ್ದಿದ್ರೆ ನಮಗೆ ಕಳಿಸ್ತಿರಲಿಲ್ವೆ?" ಬೈರಣ್ಣ ಬೆವರೊರೆಸಿಕೊಂಡು ಟೇಬಲ್ ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡರು.

ಗೋವಿಂದಮ್ಮನ ಕಣ್ಣು ಫ್ಯಾನಿನ ಕೆಳಗೆ ನಿಂತಿತು. ಎತ್ತರಕ್ಕೆಂದು ಅಲ್ಲಿಟ್ಟಿದ್ದ ದಪ್ಪ ಪುಸ್ತಕದ ಬೆನ್ನಿನ ಮೇಲೂ ತಮ್ಮ ಪುಸ್ತಕದ ಬೆನ್ನಿನ ಅಕ್ಷರಗಳೇ, ಅದೇ ಸಾಲಿನಲ್ಲಿ.

"ಫ್ಯಾನ್ ಸ್ವಲ್ಪ ಎತ್ತಿ ಸಾರ್."

ಜಪಾನಿನವರು ಕಳಿಸಿದ್ದ ಆ ಹೊಸ ಪುಸ್ತಕ ಬಂದು ಮೂರು ತಿಂಗಳಾಗಿತ್ತು; ಅಲ್ಲಿನ ಯಂತ್ರ ಈಗ ನಡೆಯುವುದು ಅದರಂತೆ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜೋಡಿ ಅಕ್ಷರಗಳು ಒಂದರ ನಂಬರು ಇನ್ನೊಂದಕ್ಕೆ ಕೊಟ್ಟು ಜಾಗ ಬದಲಾಯಿಸಿಕೊಂಡಿದ್ದವು. ಜಾಡಿಯೂ ಅವುಗಳಲ್ಲೊಂದು.

"ಯಾವುದೋ ಕ್ಯಾಲೆಂಡರ್ ಕಂಪನಿಯವ್ರು ಕಳಿಸಿದ್ದು ಅಂದ್ಕೊಂಡೆ," ಎಂದರು ಬೈರಣ್ಣ. ಪಾರ್ವತಮ್ಮ ತಮ್ಮ ಹಾಳೆಯನ್ನೇ ಬಹಳ ಹೊತ್ತು ಓದಿದರು.

ಕವರ್ ಅಂಟಿಸುವ ಮಾತು ಮತ್ತೆ ಬರಲಿಲ್ಲ. ಆದರೆ ಕಲಿತದ್ದನ್ನು ಮರೆಯುವ ಹೊಸ ಕೆಲಸ ಬಂದಿದೆ. ಬೆಳಿಗ್ಗೆ ನಡೆದು ಬರುವಾಗ ಗೋವಿಂದಮ್ಮ ಬದಲಾದ ಜೋಡಿಗಳನ್ನು ಸಹಸ್ರನಾಮದ ಹಾಗೆ ಹೇಳಿಕೊಳ್ಳುತ್ತಾರೆ. ಎದುರು ಸಿಕ್ಕ ಹಾಲಿನವನು ಕೈ ಮುಗಿಯುತ್ತಾನೆ.

ಫ್ಯಾನೀಗ ಹಳೇ ಪುಸ್ತಕದ ಮೇಲೆ ನಿಂತಿದೆ. ಸಂಬಳ ಜಾಸ್ತಿ ಕೇಳಬಹುದಿತ್ತಲ್ಲ ಎಂದು ನಾನು ಅಂದರೆ ಗೋವಿಂದಮ್ಮ ತಲೆಯಾಡಿಸುತ್ತಾರೆ.

"ಬೇಡ ಸಾರ್. ಆ ಫ್ಯಾನಿಗೆ ಒಂದು ಸ್ಟೂಲು ಕೊಡಿಸ್ಲಿ. ಅಷ್ಟೇ."