ಟಿಟ್ವಾಳಾದ ಆ ಮನೆಗೆ ಮತ್ತೊಮ್ಮೆ

ತಾಯಿ ತೀರಿಕೊಂಡ ಮೇಲೆ ಎರಡು ವರ್ಷ ಕಲ್ಯಾಣದ ಅನಾಥಾಶ್ರಮದಲ್ಲಿದ್ದೆ. ಆಮೇಲೆ ಟಿಟ್ವಾಳಾದ ಮರಾಠಿ ದಂಪತಿ ನನ್ನನ್ನು ಸಾಕಲು ಕರೆದುಕೊಂಡು ಹೋದರು. ಅವರಿಗೆ ಮಕ್ಕಳಿರಲಿಲ್ಲ. ಒಂದೂವರೆ ವರ್ಷದ ಮೇಲೆ ಆಕೆ ಬಸುರಿಯಾದರು. ಇಬ್ಬರನ್ನು ನೋಡಿಕೊಳ್ಳಲಾಗದು ಎಂದರು. ಸರ್ಕಾರದ ಮಕ್ಕಳ ಕಲ್ಯಾಣ ಸಮಿತಿಯವರು ನನ್ನನ್ನು ಠಾಕುರ್ಲಿಯ ಇನ್ನೊಂದು ಮನೆಗೆ ಕಳಿಸಿದರು. ಆಗ ನನಗೆ ಹದಿನೈದು.

ಠಾಕುರ್ಲಿಯವರು ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಅಂಕಲ್, ಆಂಟಿ ತಮ್ಮೊಳಗೆ ತುಳು, ನನ್ನ ಹತ್ತಿರ ಕನ್ನಡ. ತಾಯಿ ಕಲಬುರಗಿ ಕಡೆಯವಳಾದ್ದರಿಂದ ನನಗೂ ಕನ್ನಡ ಬರುತ್ತಿತ್ತು. ಆದರೂ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದೆ. ಕನ್ನಡ ನನ್ನ ತಾಯಿಯ ಭಾಷೆ. ಅದನ್ನು ಇವರ ಜೊತೆ ಆಡಲು ಮನಸ್ಸಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಶಾಲೆ ಬಿಟ್ಟವಳು ಮನೆಗೆ ಹೋಗದೆ ಟಿಟ್ವಾಳಾ ಲೋಕಲ್ ರೈಲು ಹತ್ತಿದೆ. ಮೊದಲು ನನ್ನನ್ನು ಸಾಕಿದ್ದ ಆಕೆಯೇ ಬಾಗಿಲು ತೆಗೆದರು, ಹೆಗಲ ಮೇಲೆ ಕೂಸು ಮಲಗಿತ್ತು. ಒಳಗೆ ಕರೆದು ನೀರು ಕೊಟ್ಟರು. ನಾನು ಮಲಗುತ್ತಿದ್ದ ಜಾಗದಲ್ಲಿ ತೊಟ್ಟಿಲಿತ್ತು.

“ನೀನು ಬಂದದ್ದು ಅವರಿಗೆ ಗೊತ್ತಾ?” ಎಂದು ಮರಾಠಿಯಲ್ಲಿ ಕೇಳಿದರು.

ಇಲ್ಲವೆಂದೆ. ಅವರು ಬೈಯಲಿಲ್ಲ. ಇರು ಎಂದೂ ಹೇಳಲಿಲ್ಲ. ನನ್ನಿಂದ ನಂಬರು ತೆಗೆದುಕೊಂಡು ಠಾಕುರ್ಲಿಗೆ ಫೋನ್ ಮಾಡಿದರು, ಸ್ಟೇಷನ್‌ಗೆ ರಿಕ್ಷಾ ಹತ್ತಿಸಿದರು. ವಾಪಸು ಬರುವಾಗ ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಂತಿದ್ದೆ. ಅಳು ಬರಲಿಲ್ಲ.

ಮನೆ ತಲುಪಿದಾಗ ಸಂಜೆ ಆರು. ಹೋಟೆಲಿನಲ್ಲಿರಬೇಕಾಗಿದ್ದ ಆಂಟಿ ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದರು.

“ಯಾಕೆ ಹೋದದ್ದು ಅಂತ ಕೇಳುದಿಲ್ಲ ಮಾರಾಯ್ತಿ. ಇನ್ನು ಹೋಗುದಾದ್ರೆ ಹೇಳಿ ಹೋಗು. ನನ್ನ ಜೀವ ಬಾಯಿಗೆ ಬಂದಿತ್ತು.”

“ಆಪ್ ಭೀ ಭೇಜ್ ದೋಗೇ ಕ್ಯಾ?” ನೀವೂ ಕಳಿಸಿಬಿಡುತ್ತೀರಾ ಎಂದು ಕೇಳಿದೆ.

ಆಂಟಿ ಕುರ್ಚಿಯಿಂದ ಎದ್ದರು. “ಸಮಿತಿಯವರು ಏನು ಹೇಳ್ತಾರೋ ಗೊತ್ತಿಲ್ಲ. ನನ್ನನ್ನು ಕೇಳಿದ್ರೆ, ಇಲ್ಲೇ ಇರ್ಲಿ ಅಂತ ಹೇಳ್ತೇನೆ. ಬಾ, ದೋಸೆ ಹೊಯ್ತೇನೆ.”

ಅದು ಭರವಸೆಯೋ ಅಲ್ಲವೋ ಎಂದು ಯೋಚಿಸುವ ತ್ರಾಣ ನನ್ನಲ್ಲಿರಲಿಲ್ಲ. ಮೂರು ದೋಸೆ ತಿಂದು, ಯೂನಿಫಾರ್ಮಿನಲ್ಲೇ ಮಲಗಿಬಿಟ್ಟೆ.

ಹದಿನೆಂಟಾದಾಗ ನನ್ನ ಮೇಲಿನ ಸಮಿತಿಯ ಹೊಣೆ ಮುಗಿಯಿತು. ಹೋಗಬೇಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ವಾಶಿಯ ಆಫೀಸಿಗೆ ದಿನವೂ ಠಾಕುರ್ಲಿಯಿಂದಲೇ ಹೋಗಿಬರುತ್ತೇನೆ. ಆಂಟಿಯನ್ನು ಅಮ್ಮ ಎಂದು ಇವತ್ತಿಗೂ ಕರೆದಿಲ್ಲ. ಅವರೂ ಅದನ್ನು ಬಯಸಿದಂತೆ ಕಾಣಲಿಲ್ಲ.