ತಗಡಿನ ಮೇಲಿನ ಜರ್ಮನಿ

ನಮ್ಮ ಮನೆಯವರಿಗೆ ಯಾವ ಮಿಷನ್ ಕಂಡರೂ ಮೊದಲು ಮಗುಚಿ ನೋಡುವ ಚಾಳಿ. ಯಾವ ದೇಶದ್ದು ಅಂತ ತಿಳಿಯಬೇಕು. ಜಪಾನ್ ಅಂದರೆ ತಲೆಯಾಡಿಸುವರು, ಚೀನಾ ಅಂದರೆ ಮುಟ್ಟಿದ ಕೈಯನ್ನು ಪಂಚೆಗೆ ಒರೆಸಿಕೊಳ್ಳುವರು. ಜರ್ಮನಿ ಅಂದರೆ ಮುಗಿಯಿತು. ಹೆಣ್ಣು ನೋಡಲು ಬಂದಾಗ ನನ್ನ ಬಗ್ಗೆಯೂ ಇಷ್ಟು ವಿಚಾರಿಸಿರಲಿಲ್ಲ.

ಮರ ಕೊಯ್ಯುವ ಅವರ ಚೈನ್ ಮಿಷನ್ ಜರ್ಮನಿಯದು. ಆಲ್ದೂರಿನಾಚೆ ನಮ್ಮದು ಸಣ್ಣ ಕಾಫಿ ತೋಟ. ಗಿಡಕ್ಕೆ ಬೆಳಕು ಬೀಳಲಿ ಅಂತ ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ತೆಗೆಯುವ ಮರಗಸಿಯನ್ನು ಅವರೇ ಮಾಡುತ್ತಿದ್ದರು. ಸುತ್ತಲಿನ ಎಸ್ಟೇಟಿನವರೂ ಕರೆಯುತ್ತಿದ್ದರು. ಅವರ ತೋಳಿನಿಂದಲೇ ನಮ್ಮ ಅನ್ನ. ಆಯುಧಪೂಜೆಗೆ ಊರವರೆಲ್ಲ ಮಿಷನ್ನಿಗೆ ಕುಂಕುಮ ಇಟ್ಟರೆ, ಇವರು ದೇಶದ ಹೆಸರಿದ್ದ ತಗಡನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಅದಕ್ಕೇ ಇಡುವರು.

ಒಳಗೆ ಜರ್ಮನಿ ಎಷ್ಟು ಉಳಿದಿತ್ತೋ ದೇವರೇ ಬಲ್ಲ. ಪಿಸ್ಟನ್ ಹೋಗಿತ್ತು, ಕಾರ್ಬ್ಯುರೇಟರ್ ಹೋಗಿತ್ತು. ರಿಪೇರಿಯವನು ಪೇಟೆಯಲ್ಲಿ ಸಿಕ್ಕಿದ್ದನ್ನು ಹಾಕಿ ಮುಚ್ಚಿ ಕೊಡುತ್ತಿದ್ದ. ಕಾಣದ್ದನ್ನು ಇವರು ಕೇಳುತ್ತಿರಲಿಲ್ಲ.

ಹೋದ ವರ್ಷ ಮಿಷನ್ ಜೀಪಿನಿಂದ ಬಿದ್ದು ಹಿಡಿಯ ಮುಂದಿನ ಗಾರ್ಡ್ ಮುರಿಯಿತು. ಮಿಷನ್ ಹಿಂದಕ್ಕೆ ಎಗರಿದರೆ ಚೈನನ್ನು ತಟ್ಟನೆ ನಿಲ್ಲಿಸುವುದು ಅದೇ. ಅಂಗಡಿಗೆ ನಾನೂ ಹೋಗಿದ್ದೆ. ರಿಪೇರಿಯವನು ಕರೀ ಪ್ಲಾಸ್ಟಿಕ್ಕಿನ ಗಾರ್ಡೊಂದನ್ನು ತೆಗೆದಿಟ್ಟ. ಇವರು ಮಗುಚಿ ನೋಡಿದರು.

"ಚೀನಾದ್ದಲ್ವಾ ಮಾರಾಯ? ಜರ್ಮನಿ ಮಿಷನ್ನಿಗೆ ಇದನ್ನ ಹಾಕೋದಾ?"

"ಒರಿಜಿನಲ್ ಬರೋಕೆ ತಡ ಆಗುತ್ತೆ ಅಣ್ಣ. ಅಲ್ಲೀವರೆಗೆ ಇದಿರ್ಲಿ," ಎಂದ ಅವನು.

"ಬೇಡ. ಬಂದಾಗ ಬರ್ಲಿ. ಇದೆಲ್ಲ ಹಾಗೆ ಎಗರೋ ಮಿಷನ್ ಅಲ್ಲ."

"ಹಾಕಿಸ್ಕೊಳ್ಳಿ ಅಂದ್ರೆ," ಎಂದೆ ನಾನು.

"ಮಿಷನ್ ವಿಷ್ಯ ನಿಂಗೇನು ಗೊತ್ತು, ಸುಮ್ನಿರು," ಎಂದರು.

ಒರಿಜಿನಲ್ ಬರಲೇ ಇಲ್ಲ. ಮರಗಸಿ ಕಾಯುತ್ತದೆಯೇ? ಅದರ ನಡುವೆ ಒಂದು ದಿನ, ದಾರಿಗೆ ಅಡ್ಡ ಬಿದ್ದ ಸಿಲ್ವರ್ ಓಕನ್ನು ಗಾರ್ಡ್ ಇಲ್ಲದ ಮಿಷನ್ನಿನಲ್ಲೇ ಕೊಯ್ಯಲು ಹೋದರು. ಮಿಷನ್ನಿನ ಮೂತಿ ಅಡಿಯಲ್ಲಿದ್ದ ಕೊಂಬೆಗೆ ತಗುಲಿ ಹಿಂದಕ್ಕೆ ಎಗರಿತು. ಚೈನು ನಿಲ್ಲಲಿಲ್ಲ. ಎಡ ತೋಳಿನ ನರ ಕತ್ತರಿಸಿಹೋಯಿತು. ಡಾಕ್ಟರು ಹೊಲಿಗೆ ಹಾಕಿ, ಇನ್ನು ಈ ಕೈ ಮೇಲೇಳುವುದಿಲ್ಲ ಅಂದರು.

ಈ ವರ್ಷ ನಮ್ಮಲ್ಲಿ ಮರಗಸಿ ಇಲ್ಲ. ಆಳು ಸಿಗಲಿಲ್ಲ. ತೋಟ ಹಗಲಲ್ಲೂ ಕತ್ತಲು, ಗಿಡದ ತುಂಬ ಬರೀ ಎಲೆ. ಆ ಕಡೆ ಕಾಲಿಡಲು ನನಗೆ ಮನಸ್ಸಾಗುವುದಿಲ್ಲ. ಇವರ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿದೆ. ಮುಖ ನೋಡಿದರೆ ಬೈಯಲೂ ಆಗುವುದಿಲ್ಲ. ಮುಂದೆ ಏನು ಅಂತ ನಾವಿಬ್ಬರೂ ಮಾತಾಡುವುದನ್ನು ಬಿಟ್ಟಿದ್ದೇವೆ.

ನೋಡಲು ಬಂದವರಿಗೆಲ್ಲ ಇವರು ಹೇಳುವುದು ಒಂದೇ ಮಾತು. "ಜರ್ಮನಿ ಆಗಿದ್ದಕ್ಕೆ ಕೈ ಉಳೀತು. ಚೀನಾದ್ದಾಗಿದ್ರೆ ಕೈಯೇ ಹೋಗ್ತಿತ್ತು."

ಬಂದವರು ಹೌದೌದು ಅನ್ನುತ್ತಾರೆ. ನಾನು ಕಾಫಿ ಕೊಡುತ್ತೇನೆ. ಉಳಿದ ಆ ಕೈಯನ್ನು ದಿನಾ ಬೆಳಿಗ್ಗೆ ಎತ್ತಿ ಅಂಗಿಯ ತೋಳಿನೊಳಗೆ ತೂರಿಸುವವಳು ನಾನು.