ಜೇನಿಗೆಷ್ಟು ಮಾರ್ಕು?

ಮನುಷ್ಯನಿಗೆ ತನ್ನ ಕಾಲಿನ ಕಿರುಬೆರಳು ನೆನಪಾಗುವುದು ಅದು ಮಂಚಕ್ಕೋ ಹೊಸ್ತಿಲಿಗೋ ತಾಗಿದಾಗ ಮಾತ್ರ. ನನಗೆ ನೆನಪಾದದ್ದು ಅದನ್ನು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದಾಗ. ಬಂಟ್ವಾಳದ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ಆಗಷ್ಟೇ ನಿವೃತ್ತನಾಗಿದ್ದೆ. ಯಾರದೋ ಮದುವೆಗೆ ಹೊಸ ಚಪ್ಪಲಿ ಹಾಕಿಕೊಂಡು ಹೋದೆ. ಚಪ್ಪಲಿ ಕಚ್ಚಿದ್ದು ಸಕ್ಕರೆ ಕಾಯಿಲೆಯ ನನ್ನ ಕಾಲಿಗೆ ತಿಳಿಯಲೇ ಇಲ್ಲ. ತಿಳಿಯುವಷ್ಟರಲ್ಲಿ ಹುಣ್ಣಾಗಿತ್ತು, ಏನು ಮಾಡಿದರೂ ಮಾಯಲಿಲ್ಲ.

ಡಾಕ್ಟರು ಎಂದರೆ ನನ್ನ ಹಳೆಯ ವಿದ್ಯಾರ್ಥಿನಿ ಶೈಲಜಾ; ಮೂಡುಬಿದಿರೆಯಲ್ಲಿ ಅವಳ ಕ್ಲಿನಿಕ್ಕು. ಮುಂದಿನ ಸಲ ಬರುವಾಗಲೂ ಹೀಗೆಯೇ ಇದ್ದರೆ ಬೆರಳಿನ ಆಸೆ ಬಿಡಬೇಕು ಎಂದು ಮೆಲ್ಲನೆ ಹೇಳಿದಳು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಇಂಥ ಹುಣ್ಣಿಗೆ ಕೆಲವು ಕಡೆ ಜೇನಿನ ಬ್ಯಾಂಡೇಜು ಕಟ್ಟುತ್ತಾರೆ, ಅದಕ್ಕೆಂದೇ ವಿಶೇಷ ಜೇನು ಇರುತ್ತದೆ ಎಂದೂ ಸೇರಿಸಿದಳು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬೆರಳು ಕಿರಿದಾದರೇನು, ನನ್ನದು. ಕೊಡುವುದಿಲ್ಲ ಎಂದು ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲೇ ನಿಶ್ಚಯಿಸಿದೆ. ಎಷ್ಟೋ ವರ್ಷಗಳಿಂದ ಜೇನಿನ ಕಡೆ ಕಣ್ಣೆತ್ತಿ ನೋಡದವನಿಗೆ ಈಗ ನಾಲಿಗೆಗೆ ನಿಷೇಧ, ಕಾಲಿಗೆ ನೈವೇದ್ಯ!

ಹೆಂಡತಿ ಸುಮತಿ ಈ ಸುದ್ದಿಯನ್ನು ಆಚೆಮನೆಗೆ ಹೇಳಿದಳು, ಮತ್ತೆ ಕೇಳಬೇಕೆ? ಮೊದಲು ನೆರಿಯದ ನೆಂಟರೊಬ್ಬರು ಕಾಡುಜೇನು ತಂದರು. ನೀರಿಗೆ ಬಿಟ್ಟರೆ ಕರಗದು, ಬತ್ತಿಗೆ ಹಚ್ಚಿದರೆ ಉರಿಯುತ್ತದೆ ಎಂದು ಎರಡನ್ನೂ ಮಾಡಿ ತೋರಿಸಿದರು. ಅದೆಲ್ಲ ಜೇನು ಅಸಲೋ ನಕಲೋ ಎಂಬುದರ ಪರೀಕ್ಷೆ. ಅಸಲಾದರೆ ಎಷ್ಟು ಬಲದ್ದು ಎಂಬುದನ್ನು ಬತ್ತಿ ಹೇಳುವುದಿಲ್ಲ. ನಮ್ಮ ಹಿಂದಿನ ವೈದ್ಯರು ನೊಣ, ಬಣ್ಣ, ರುಚಿ ನೋಡಿ ಜೇನಿನಲ್ಲಿ ಎಂಟು ಜಾತಿ ಮಾಡಿದ್ದರಂತೆ. ಆದರೆ ಅದಕ್ಕೆ ಮಾರ್ಕು ಕೊಡುವ ಯೋಚನೆ ಅವರಿಗೂ ಬಂದಿರಲಿಲ್ಲ.

ಮಾರ್ಕು ಬಂದದ್ದು ಗಲ್ಫಿನಿಂದ. ಪಕ್ಕದ ಮನೆಯ ಹಸನಬ್ಬರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ದುಬೈಯಿಂದ ರಜೆಯಲ್ಲಿ ಬಂದ ಅವರ ಮಗ ಒಂದು ಬಾಟ್ಲಿ ತಂದಿದ್ದ; ಅದನ್ನು ಅವರು ನನ್ನ ಕಾಲಿಗೆಂದು ಕೊಟ್ಟರು. ಅದೇ ವಾರ ಮಸ್ಕತ್ತಿನಿಂದ ಸುಮತಿಯ ಅಣ್ಣನೂ ಒಂದು ತಂದರು. ಎರಡೂ ನ್ಯೂಜಿಲೆಂಡಿನ ಮನುಕಾ ಎಂಬ ಗಿಡದ ಹೂವಿನ ಜೇನು. ಹಸನಬ್ಬರ ಬಾಟ್ಲಿಯ ಮೇಲೆ ‘10+’ ಎಂದಿತ್ತು, ಭಾವನವರದ್ದರ ಮೇಲೆ ‘100’.

ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದವನಿಗೆ ಇದರಲ್ಲಿ ಯೋಚಿಸುವುದಕ್ಕೇನಿದೆ? ಪಾಸಾಗಲು ಮೂವತ್ತೈದು ಬೇಕು. ಹತ್ತು ಬಂದದ್ದು ಫೇಲು. ಪಕ್ಕದ ಕೂಡಿಸುವ ಚಿಹ್ನೆ ಗ್ರೇಸ್ ಮಾರ್ಕಿರಬೇಕು. ನೂರು ಎಂದರೆ ನೂರಕ್ಕೆ ನೂರು. ತವರಿನ ಬಾಟ್ಲಿಗೆ ರ್‍ಯಾಂಕು ಬಂದದ್ದರಿಂದ ಸುಮತಿಗೂ ಖುಷಿ. ಹಸನಬ್ಬರದು ಕಪಾಟಿನ ಹಿಂದೆ ಸೇರಿತು. ಅವರೋ ಪ್ರತಿ ಸಂಜೆ ಬಂದು ನನ್ನ ಕಾಲನ್ನು ನೋಡಿ, “ಶುರು ಮಾಡಿದಿರಾ ಮಾಸ್ಟ್ರೆ?” ಎಂದು ಕೇಳುವರು. ನಾನು ಮಾತನ್ನು ಮಳೆಯ ಕಡೆಗೆ ತಿರುಗಿಸುವೆ.

ಆದರೆ ನೂರಕ್ಕೆ ನೂರು ಕೊಡುವ ಮೊದಲು ಪೇಪರನ್ನು ಇನ್ನೊಮ್ಮೆ ನೋಡುವುದು ನನ್ನ ಅಭ್ಯಾಸ. ಕುಂಟುತ್ತ ಬಿ.ಸಿ. ರೋಡಿನ ಇಂಟರ್ನೆಟ್ ಅಂಗಡಿಗೆ ಹೋಗಿ, ಒಂದೇ ಬೆರಳಿನಲ್ಲಿ ಅಕ್ಷರ ಕುಟ್ಟುತ್ತ ಕುಳಿತೆ. ಅರ್ಥವಾಗದೆ ಏಳುವುದಿಲ್ಲ ಎಂಬ ಹಟ. ಕೊನೆಗೆ ತಿಳಿಯಿತು: ಹತ್ತು ಎಂದರೆ ಆ ಜೇನಿಗೆ ನೂರರಲ್ಲಿ ಹತ್ತು ಪಾಲು ಫಿನಾಲ್ ಎಂಬ ಕ್ರಿಮಿನಾಶಕ ಬೆರೆಸಿದ ನೀರಿನಷ್ಟು ರೋಗಾಣು ಕೊಲ್ಲುವ ಶಕ್ತಿ. ನೂರು ಎಂದರೆ ಒಂದು ಕಿಲೋ ಜೇನಿನಲ್ಲಿ ರೋಗಾಣು ಕೊಲ್ಲುವ ಒಂದು ವಸ್ತು ಎಷ್ಟು ಮಿಲಿಗ್ರಾಂ ಇದೆ ಎಂಬ ಲೆಕ್ಕ. ಎರಡೂ ಬೇರೆ ಬೇರೆ ಪರೀಕ್ಷೆಗಳು! ಕ್ಲಾಸ್ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತು ತೆಗೆದವನನ್ನು ಎಸ್ಸೆಸ್ಸೆಲ್ಸಿಯಲ್ಲಿ ಆರುನೂರ ಇಪ್ಪತ್ತೈದಕ್ಕೆ ನೂರು ತೆಗೆದವನಿಗಿಂತ ದಡ್ಡ ಎಂದ ಹಾಗಾಯಿತು. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಿ ನೋಡಿದರೆ ಭಾವನವರ ನೂರು ಹೆಚ್ಚುಕಡಿಮೆ ಐದರ ಹತ್ತಿರ ನಿಂತಿತು. ಉತ್ತರದ ಮುಂದೆ ಸೇರೋ ಕಿಲೋವೋ ಎಂದು ಬರೆಯದ ಮಕ್ಕಳಿಗೆ ಅರ್ಧ ಮಾರ್ಕು ಕಳೆಯುತ್ತಿದ್ದವನು ನಾನು. ಅಳತೆ ಯಾವುದೆಂದು ಕೇಳದೆ ಬರೀ ಅಂಕೆಗೆ ಕೈಮುಗಿದಿದ್ದೆ.

ಈ ಜ್ಞಾನವನ್ನೂ ಎರಡು ಬಾಟ್ಲಿಗಳನ್ನೂ ಹೊತ್ತುಕೊಂಡು ಮೂಡುಬಿದಿರೆಗೆ ಹೋಗಿ ಶೈಲಜಾಳಿಗೆ ಒಂದು ಪಾಠವನ್ನೇ ಮಾಡಿದೆ. ಅವಳು ಹಿಂದೆ ಬೆಂಚಿನಲ್ಲಿ ಕೂತು ಕೇಳುತ್ತಿದ್ದ ಹಾಗೆಯೇ ಕೇಳಿದಳು.

“ಲೆಕ್ಕ ಸರಿ ಉಂಟು ಸರ್. ಆದರೆ ಇವೆರಡೂ ತಿನ್ನುವ ಜೇನು. ಗಾಯಕ್ಕೆ ಹಾಕುವುದನ್ನು ಶುದ್ಧ ಮಾಡಿ ಟ್ಯೂಬಿನಲ್ಲಿ ತುಂಬಿಸಿರ್ತಾರೆ, ನಾನು ಮಂಗಳೂರಿನಿಂದ ತರಿಸ್ತೇನೆ. ಅದಿರಲಿ, ನಿಮ್ಮ ಶುಗರ್ ಈಗ ಎಷ್ಟುಂಟು?”

ನನಗೆ ಗೊತ್ತಿರಲಿಲ್ಲ. ಹಿಂದಿನ ಸಲ ಅವಳು ಬರೆದುಕೊಟ್ಟ ಪರೀಕ್ಷೆಯನ್ನು ಮಾಡಿಸಿಯೇ ಇರಲಿಲ್ಲ.

“ಬಾಟ್ಲಿಯ ನಂಬರಿಗಾಗಿ ಅಷ್ಟು ಓಡಾಡಿದಿರಿ,” ಎಂದಳು. “ನಿಮ್ಮ ನಂಬರು ಇಳಿಯದಿದ್ದರೆ ಯಾವ ಜೇನೂ ಬೆರಳನ್ನು ಉಳಿಸ್ಲಿಕ್ಕಿಲ್ಲ.”

ರಕ್ತಪರೀಕ್ಷೆಯ ಚೀಟಿ ನೋಡಿ ಮೊದಲ ಬಾರಿ ನಿಜವಾಗಿ ಹೆದರಿದೆ. ಹೆದರಿದ್ದು ಒಳ್ಳೆಯದೇ ಆಯಿತು. ಚಹಾಕ್ಕೆ ಕದ್ದು ಹಾಕಿಕೊಳ್ಳುತ್ತಿದ್ದ ಸಕ್ಕರೆ ಹೋಯಿತು, ಮದುವೆಮನೆಯ ಪಾಯಸ ಹೋಯಿತು, ಅನ್ನ ಅರ್ಧವಾಯಿತು, ಕಾಲು ಸ್ಟೂಲಿನ ಮೇಲೆ ಏರಿತು. ಮಾರ್ಕು ಏರಿಸಿ, ಏರಿಸಿ ಎಂದು ಮಕ್ಕಳ ಜೀವ ತಿಂದವನು ಈಗ ಒಂದೊಂದು ಅಂಕ ಇಳಿಸುವುದಕ್ಕೆ ಬೆವರು ಹರಿಸಿದೆ. ಏರಿಸುವುದೇ ಸುಲಭ, ನಂಬಿ. ಹುಣ್ಣು ಅಂಚಿನಿಂದ ಒಳಕ್ಕೆ ಮೆಲ್ಲಮೆಲ್ಲನೆ ಮುಚ್ಚುತ್ತ ಬಂತು. ಗುಣ ಟ್ಯೂಬಿನ ಜೇನಿನದೋ ನನ್ನ ಪಥ್ಯದ್ದೋ ಎಂದು ಕೇಳಿದಾಗ, ಶೈಲಜಾ ಎರಡೂ ಎಂದು ಹೇಳಿ ಮುಂದಿನ ರೋಗಿಯನ್ನು ಕರೆದಳು.

ಹಸನಬ್ಬರ ಜೇನು ಸುಮತಿಯ ಕೆಮ್ಮಿಗೆ ಮುಗಿಯಿತು. ನಮ್ಮ ಕಡೆ ಪಾತ್ರೆಯನ್ನು ಖಾಲಿ ಹಿಂತಿರುಗಿಸುವ ಕ್ರಮವಿಲ್ಲ. ಏನು ತುಂಬಿಸುವುದು? ಹಸನಬ್ಬರ ಶುಗರ್ ನನ್ನದಕ್ಕಿಂತ ಒಂದು ಕೈ ಮೇಲು. ಅದಕ್ಕೇ ಬೆಲ್ಲ ಸೋಕಿಸದ ಹಾಗಲಕಾಯಿ ಉಪ್ಪಿನಕಾಯಿ ತುಂಬಿಸಿಕೊಂಡು, ಯಾರ ಹೆಗಲನ್ನೂ ಹಿಡಿಯದೆ ಅವರ ಮನೆಗೆ ಹೋದೆ. ಅವರು ನನ್ನ ಕಾಲನ್ನು ನೋಡಿ ಕಣ್ಣು ಒರೆಸಿಕೊಂಡರು. ಆಮೇಲೆ ಒಂದು ಹೋಳು ಬಾಯಿಗೆ ಹಾಕಿಕೊಂಡು ಇನ್ನೊಮ್ಮೆ ಒರೆಸಿಕೊಂಡರು. ಬಾಟ್ಲಿಯನ್ನು ತಿರುಗಿಸಿ ಅದರ ಮೇಲಿನ ‘10+’ ಚೀಟಿ ಓದಿದರು.

“ಇದು ಹತ್ತಲ್ಲ ಮಾಸ್ಟ್ರೆ. ಇಪ್ಪತ್ತಕ್ಕೆ ಕಡಿಮೆ ಇಲ್ಲ.”

ಮಾರ್ಕು ಕೊಡುವ ಕೆಲಸವನ್ನು ಅವರಿಗೇ ಬಿಟ್ಟು, ಐದಕ್ಕೆ ಐದು ಬೆರಳಿನ ಕಾಲನ್ನು ಊರುತ್ತ ಮನೆಗೆ ಬಂದೆ.